ವೀಣೆ ಅಜ್ಜಿಯ ಕಲ್ಚರ್ ರಿಪೋರ್ಟು

ಬೆನ್ನುಮೂಳೆ ಡಾಕ್ಟರ ಹತ್ತಿರ ನಗೋಕೇನಿರತ್ತೆ ಅಂತಾರೆ ಜನ. ಒಂದು ಬೆಳಿಗ್ಗೆ ನನ್ನ ವಾರ್ಡಿಗೆ ಬಂದು ನಿಂತು ನೋಡ್ಲಿ, ಹೊಟ್ಟೆ ಹಿಡ್ಕೊಂಡು ಹೋಗ್ತಾರೆ. ಸರಸ್ವತಿಪುರಂನ ವೀಣೆ ಟೀಚರ್ ಅಜ್ಜಿ ಒಬ್ಬರೇ ಸಾಕು.

೧. ದಂಡ ಆಗಬಾರದು

ದಸರಾ ಗೊಂಬೆ ಇಳಿಸಿದಾಗಿಂದ ಅಜ್ಜಿಗೆ ಬೆನ್ನುನೋವು, ಸಂಜೆಯಾದರೆ ಜ್ವರ. ಸ್ಕ್ಯಾನ್ ಮಾಡಿದರೆ ಬೆನ್ನುಮೂಳೆಗೇ ಸೋಂಕು. ಕಾಲು ಬೇರೆ ಸೋಲುತ್ತಿತ್ತು.

“ಆಂಟಿಬಯೋಟಿಕ್ ಏನಾದ್ರೂ ತಗೊಂಡ್ರಾ?”

“ಛೆ ಛೆ, ನಾನ್ಯಾಕೆ ತಗೊಳ್ಳಲಿ? ಪಕ್ಕದ್ಮನೆಯವರ ಮಾತ್ರೆ ಉಳಿದಿತ್ತು. ದಂಡ ಆಗತ್ತಲ್ಲಾ ಅಂತ ನುಂಗ್ಬುಟ್ಟೆ. ಎದುರುಮನೆಯವರದೂ ಎರಡಿತ್ತು.”

“ಅದನ್ನೂ ನುಂಗಿದ್ರಾ?”

“ಒಬ್ಬರದು ತಗೊಂಡು ಇನ್ನೊಬ್ಬರದು ಬೇಡ ಅಂದ್ರೆ ಬೇಜಾರ್ ಮಾಡ್ಕೊಳ್ಳಲ್ವೇನ್ರೀ?”

೨. ಮನೆತನದ ಮಾತು

ಯಾವ ಕ್ರಿಮಿ ಅಂತ ತಿಳಿಯೋಕೆ ರಕ್ತವನ್ನು ಲ್ಯಾಬಿನಲ್ಲಿಟ್ಟು, ಕ್ರಿಮಿ ಬೆಳೆಯುತ್ತಾ ಅಂತ ಕಾಯ್ತೀವಿ. ಅದಕ್ಕೆ ಕಲ್ಚರ್ ಅನ್ನೋದು. ಆ ಅರೆಬರೆ ಮಾತ್ರೆಗಳ ದೆಸೆಯಿಂದ ಏನೂ ಬೆಳೀಲಿಲ್ಲ. ಮಂಚದ ಪಕ್ಕ ನಿಂತು ನರ್ಸಿಗೆ ಹೇಳಿದೆ, “ಇವರದು ಕಲ್ಚರ್ ನೆಗೆಟಿವ್.”

ಅಜ್ಜಿ ಕೆರಳಿದರು. “ಏನಂದ್ರಿ? ನಮ್ಮ ಮಾವನವರು ಅರಮನೇಲಿ ವೀಣೆ ನುಡಿಸ್ತಿದ್ದೋರು. ನನಗೆ ಕಲ್ಚರ್ ಇಲ್ವಾ?”

ಕ್ರಿಮಿ ವಿಷಯ ಬಿಡಿಸಿ ಹೇಳಿದೆ. “ನಮ್ಮನೇಲಿ ಅಂಥದ್ದೆಲ್ಲ ಬೆಳೆಸಲ್ಲ,” ಅಂದುಬಿಟ್ಟರು.

ಆಮೇಲೆ ದನಿ ತಗ್ಗಿಸಿ, “ಮತ್ತೆ ಕೆಳಗೆ ಕೂತು ವೀಣೆ ನುಡಿಸ್ತೀನಾ? ಅಷ್ಟು ಹೇಳಿ ಸಾಕು,” ಅಂದರು. ನನಗೆ ಗೊತ್ತಿರಲಿಲ್ಲ. ನಿಜ ಹೇಳ್ಬೇಕಂದ್ರೆ ಹೆದರಿದ್ದೆ.

೩. ಒಪ್ಕೊಂಡ್ರು

ಬೆನ್ನಿಗೆ ಸೂಜಿ ಹಾಕಿ, ಮೂಳೆಯ ಚೂರು ತೆಗೆದು ಮತ್ತೆ ಕಲ್ಚರ್‌ಗೆ ಕಳಿಸಿದೆವು. ಈ ಸಲ ಕ್ರಿಮಿ ಸಿಕ್ಕಿಬಿತ್ತು, ಯಾವ ಔಷಧಕ್ಕೆ ಸಾಯತ್ತೆ ಅಂತಲೂ ಗೊತ್ತಾಯ್ತು. ಓಡಿಹೋಗಿ, “ಅಮ್ಮಾ, ಕಲ್ಚರ್ ಪಾಸಿಟಿವ್!” ಅಂದೆ.

ಅಜ್ಜಿ ತಕ್ಷಣ ಸೊಸೆಗೆ ಫೋನ್ ಮಾಡಿದರು. “ಡಾಕ್ಟ್ರು ತಪ್ಪು ಒಪ್ಕೊಂಡ್ರು ಕಣಮ್ಮ!”

೪. ಭಾನುವಾರದ ಕಚೇರಿ

ಆರು ವಾರ ಇಂಜೆಕ್ಷನ್, ಆಮೇಲೆ ಮಾತ್ರೆ, ಸೊಂಟಕ್ಕೆ ಬೆಲ್ಟು. ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಅಜ್ಜಿ ಮನೆಗೆ ಕರೆದರು. ಶಿಷ್ಯೆಯರೆಲ್ಲ ಸೇರಿದ್ದರು.

ಅಜ್ಜಿ ಯಾರ ಕೈಯೂ ಹಿಡಿಯದೆ ಚಾಪೆ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ವೀಣೆ ತೊಡೆ ಮೇಲೆ ಬಂತು. ತಂತಿ ಮಿಡಿದರು. ಅಯ್ಯೋ, ನನಗಾದ ಸಂತೋಷ ಹೇಳತೀರದು! ಕಣ್ಣು ತುಂಬಿಬಂತು. ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ.

“ಆಹಾ, ಅದ್ಭುತ! ಯಾವ ರಾಗಮ್ಮಾ ಇದು?”

ಶಿಷ್ಯೆಯರೆಲ್ಲ ತಲೆ ತಗ್ಗಿಸಿದರು. ಅಜ್ಜಿ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

“ಇನ್ನೂ ಶ್ರುತಿ ಮಾಡ್ತಿದೀನಿ ಕಣ್ರೀ. ಕೂತ್ಕೊಳಿ ಡಾಕ್ಟ್ರೇ. ನಿಮ್ದು ಕಲ್ಚರ್ ನೆಗೆಟಿವ್.”