ಭೂತಗನ್ನಡಿ ಕಟ್ಟಿಕೊಂಡು ಬಾಳೆ ಕಡಿದದ್ದು

ಬ್ರಿಟಿಷರ ರಾಜ್ಯದಲ್ಲಿ ಸೂರ್ಯ ಮುಳುಗುವುದಿಲ್ಲವಂತೆ. ಇರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ! ಆದರೆ ಒಂದೇ ಏಟಿಗೆ ಬಾಳೆ ಕಡಿಯುವ ಕೈ ಯಾರದು ಎಂದು ಅಮ್ಮತ್ತಿಯಲ್ಲಿ ಕೇಳಿ ನೋಡಿ, ಎಲ್ಲರೂ ನಾಣಯ್ಯನ, ಅಂದರೆ ನನ್ನ ಹೆಸರೇ ಹೇಳುತ್ತಾರೆ. ನಮ್ಮ ಮದುವೆಗಳಲ್ಲಿ ಗಂಡಿನ ದಿಬ್ಬಣ ಹೆಣ್ಣಿನ ಮನೆ ತಲುಪಿದಾಗ ಅಂಗಳದಲ್ಲಿ ಬಾಳೆದಿಂಡು ನೆಟ್ಟಿರುತ್ತಾರೆ. ಗಂಡಿನ ಸೋದರಮಾವ, ಇಲ್ಲವೇ ಅವನ ಬದಲಿಗೆ ಕರೆಸಿಕೊಂಡ ಪಳಗಿದ ಕೈಯವನು, ಹಿರಿಯರ ಅಪ್ಪಣೆ ಕೇಳಿ, ಒಡಿಕತ್ತಿ ಬೀಸಿ, ಒಂದೊಂದನ್ನೂ ಒಂದೇ ಏಟಿಗೆ ಉರುಳಿಸಬೇಕು. ಎರಡನೇ ಏಟು ಬೇಕಾಯಿತೋ, ಮನೆತನದ ಮಾನವೂ ದಿಂಡಿನ ಜೊತೆಗೇ ನೇತಾಡುತ್ತದೆ.

ನನ್ನ ಕೈಗೆ ವಯಸ್ಸಾಗಿಲ್ಲ. ಕಣ್ಣು ಮಾತ್ರ ನನ್ನನ್ನು ಕೇಳದೆಯೇ ಮುದಿಯಾಗಿಬಿಟ್ಟಿತು. ಮಡಿಕೇರಿಯ ಡಾಕ್ಟರು ಕನ್ನಡಕ ಕೊಟ್ಟರು. ಆದರೂ ಹೋದ ವರ್ಷದ ಮದುವೆಯಲ್ಲಿ ಒಂದು ದಿಂಡಿಗೆ ಎರಡನೇ ಏಟು ಹಾಕಬೇಕಾಯಿತು. ದಿಂಡೇ ಸರಿಯಿರಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿದೆ. ಯಾರೂ ನಂಬಲಿಲ್ಲ.

ಈಗ ನನ್ನ ಅಕ್ಕನ ಮಗ ಮುದ್ದಯ್ಯನ ಮದುವೆ, ಹೆಣ್ಣು ಹುದಿಕೇರಿಯ ಕಡೆ. ನನ್ನ ತಮ್ಮ ಬೆಳ್ಯಪ್ಪ ಎಷ್ಟೋ ಕಾಲದಿಂದ ತನ್ನ ಸರದಿಗೆ ಕಾಯುತ್ತಿದ್ದವನು. ಬೆಣ್ಣೆಯಂಥ ಮಾತು ಹೊತ್ತು ಬಂದ.

"ಅಣ್ಣ, ಈ ಸಲ ಬಾಳೆ ನಾನು ಕಡೀಲಾ? ನಿನಗ್ಯಾಕೆ ಸುಮ್ನೆ ತೊಂದರೆ?"

"ನಾನು ಸತ್ತ ಮೇಲೆ ಕಡಿ! ನನ್ನ ಕೈಗೇನಾಗಿದೆ?"

"ಅವನು ಕೈ ವಿಷಯ ಎಲ್ಲಿ ಹೇಳಿದ?" ಒಳಗಿನಿಂದ ನನ್ನ ಹೆಂಡತಿ ಗಂಗಮ್ಮನ ದನಿ. "ಬೆಳಿಗ್ಗೆ ಕೋಳಿಗೆ ಹಾಕೋ ಭತ್ತಾನ ಬೆಕ್ಕಿಗೆ ಹಾಕಿ, ಯಾಕೆ ತಿಂತಿಲ್ಲ ಅಂತ ಅದಕ್ಕೇ ಬೈದವರು ಯಾರು?"

ಆ ಕ್ಷಣವೇ ನಿರ್ಧರಿಸಿದೆ. ಒಂದು ಜೊತೆ ಗಾಜು ಸಾಲದಿದ್ದರೆ ಎರಡು ಜೊತೆ! ಅಮ್ಮತ್ತಿ ಸಂತೆಯಲ್ಲಿ ಎರಡು ಭೂತಗನ್ನಡಿ ಕೊಂಡು, ಹಿಡಿ ಮುರಿದು, ತಾಮ್ರದ ತಂತಿಯಿಂದ ಕನ್ನಡಕದ ಮುಂದೆ ಬಿಗಿದೆ. ಹಾಕಿಕೊಂಡು ಪಂಚಾಂಗ ತೆರೆದೆ. ಆಹಾ! ಒಂದೊಂದು ಅಕ್ಷರವೂ ಹಂದಿಮರಿಯ ಗಾತ್ರ! ಅಕ್ಕಿಕಾಳು ಸೌತೆಕಾಯಿ! ಇಂಥದ್ದನ್ನು ಕಂಡುಹಿಡಿಯಲು ಬಿಳಿಯರಿಗೂ ಬುದ್ಧಿ ಬಂದಿರಲಿಲ್ಲವಲ್ಲ ಎಂದು ಅವರ ಬಗ್ಗೆ ಕನಿಕರವಾಯಿತು.

ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ.

"ಮೀನಿನ ತುಂಡು ಹೇಗೆ ಕಾಣ್ತಿದೆ?" ಗಂಗಮ್ಮ ಕೇಳಿದಳು.

"ತಟ್ಟೆಯಷ್ಟಗಲ!"

"ಹಾಗಾದ್ರೆ ಇವತ್ತು ಒಂದೇ ಸಾಕು," ಎಂದು ಪಾತ್ರೆ ಮುಚ್ಚಿಬಿಟ್ಟಳು. ಆಮೇಲೆ ಸ್ವಲ್ಪ ಮೆತ್ತಗೆ ಹೇಳಿದಳು, "ಹಿತ್ತಲಲ್ಲಿ ಒಂದು ಬಾಳೆ ಕಡಿದು ನೋಡಿ. ಇದುವರೆಗೆ ನೀವು ನೋಡಿದ್ದೆಲ್ಲ ಮೂಗಿನ ಹತ್ತಿರ ಹಿಡಿದೇ. ಬಾಳೆ ಮೂಗಿನ ಮೇಲೆ ಬೆಳೆಯಲ್ಲ."

"ಮೀನಿಗೆ ಈಜು ಕಲಿಸ್ತೀಯಾ ಗಂಗಮ್ಮ?"

"ಈಜೋ ಮೀನಿಗೆ ಕನ್ನಡಕ ಇರಲ್ಲ," ಎಂದಳು.

ಮದುವೆಯ ದಿನ ಮೊಣಕಾಲುದ್ದದ ನಿಲುವಂಗಿ ಕುಪ್ಯ ತೊಟ್ಟು, ಪೇಟ ಸುತ್ತಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿ ದಿಬ್ಬಣದ ಮುಂದೆ ನಡೆದೆ. ನನ್ನ ಬ್ರಹ್ಮಾಸ್ತ್ರವನ್ನು ಜೇಬಿನಲ್ಲೇ ಇಟ್ಟಿದ್ದೆ. ಹೆಣ್ಣಿನ ಮನೆಯ ಅಂಗಳದಲ್ಲಿ ವಾಲಗ ಜೋರಾದಾಗ ಅದನ್ನು ತೆಗೆದು ಮೂಗಿಗೇರಿಸಿ, ಜಾರದಿರಲೆಂದು ತಂತಿಯ ತುದಿಯನ್ನು ಪೇಟಕ್ಕೆ ಸುತ್ತಿದೆ. ತಲೆಯೆತ್ತಿದೆ.

ಹುದಿಕೇರಿಗೆ ಒಮ್ಮೆಲೇ ಮಂಜು ಇಳಿದಿತ್ತು! ಚಪ್ಪರವಿಲ್ಲ, ಜನರಿಲ್ಲ, ಮದುಮಗನೇ ಇಲ್ಲ. ನನ್ನ ಮೂಗಿನ ತುದಿ ಮಾತ್ರ ಗುಡ್ಡದಂತೆ ಎದ್ದು ಕಾಣುತ್ತಿತ್ತು. ತೆಗೆಯೋಣವೆಂದರೆ ಪೇಟವೂ ಕಳಚೀತು. ಅದಕ್ಕಿಂತ ಹೆಚ್ಚಾಗಿ, ಪಕ್ಕದಲ್ಲೇ ಬೆಳ್ಯಪ್ಪ ಕೆಮ್ಮಿದ. ಆ ಕೆಮ್ಮು ಕೇಳಿದ ಮೇಲೆ ತೆಗೆಯುವ ಪ್ರಶ್ನೆಯೇ ಇಲ್ಲ!

"ಅಪ್ಪಣೆ ಕೊಡಿ," ಎಂದು ಹೆಣ್ಣಿನ ಅಜ್ಜ ಉತ್ತಯ್ಯನವರಿಗೆ ಬಾಗಿ ಕೈಮುಗಿದೆ.

"ಕಡಿ," ಎಂದರು ಅಜ್ಜ, ನನ್ನ ಬೆನ್ನ ಹಿಂದಿನಿಂದ. ನಾನು ಕೈಮುಗಿದದ್ದು ನೀರಿನ ಹಂಡೆಗಂತೆ.

ಎದುರಿಗೆ ಬೆಳ್ಳಗೆ, ನೆಟ್ಟಗೆ ಏನೋ ನಿಂತಿತ್ತು. ಬಾಳೆ! ಬೀಸಿದೆ. ಕಟ್! ದಿಂಡು ಸ್ವಲ್ಪ ಗಟ್ಟಿ ಎನ್ನಿಸಿತು. ಹುದಿಕೇರಿಯವರು ಗೊಬ್ಬರ ಚೆನ್ನಾಗಿ ಹಾಕುತ್ತಾರೆ ಎಂದುಕೊಂಡೆ. ವಾಲಗ ನಿಂತಿತು. ಮೆಚ್ಚುಗೆಯಿಂದ ಊದುವವರಿಗೂ ಉಸಿರು ಕಟ್ಟಿದೆ!

"ಮಾವಾ! ಮಾವಾ!" ಮುದ್ದಯ್ಯ ಕೂಗಿದ.

ಎಂಥ ಅಭಿಮಾನ ಹುಡುಗನಿಗೆ! ಹುರುಪಿನಲ್ಲಿ ಪಕ್ಕದ್ದಕ್ಕೂ ಬೀಸಿದೆ. ಅದೂ ಒಂದೇ ಏಟು! ಮೇಲೆ ಎಲ್ಲೋ 'ಕಿರ್ರ್' ಎಂದಿತು. ಮರುಕ್ಷಣ ಆಕಾಶ ಸೊಪ್ಪಿನ ಸಮೇತ ನನ್ನ ತಲೆಯ ಮೇಲೆ ಕೂತಿತು.

ಪೇಟ, ಕನ್ನಡಕ, ಭೂತಗನ್ನಡಿ ಎಲ್ಲ ಹಾರಿಹೋದವು. ಆಗ ನೋಡಿ, ಬರಿಗಣ್ಣಿಗೇ ಎಲ್ಲ ಕಂಡಿತು! ನಾನು ಕಡಿದದ್ದು ಚಪ್ಪರದ ಬಿದಿರು ಕಂಬಗಳನ್ನು, ಅಲಂಕಾರಕ್ಕೆಂದು ಅವಕ್ಕೆ ಕಟ್ಟಿದ್ದ ಬಾಳೆಯ ಸಮೇತ. ಬಿದ್ದ ಸೊಪ್ಪಿನ ನಡುವಿನಿಂದ ನೆಂಟರ ತಲೆಗಳು ಒಂದೊಂದಾಗಿ ಅಣಬೆಯಂತೆ ಎದ್ದವು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಕಡಿಯಬೇಕಾಗಿದ್ದ ಬಾಳೆದಿಂಡುಗಳು ಅಂಗಳದ ನಡುವೆ ಹೂ ಮುಡಿದು, ಕೂದಲೂ ಕೊಂಕದೆ ನಿಂತಿದ್ದವು.

ಬೆಳ್ಯಪ್ಪ ನನ್ನನ್ನು ದಾಟಿಕೊಂಡು ಹೋಗಿ ಎಲ್ಲವನ್ನೂ ಒಂದೊಂದೇ ಏಟಿಗೆ ಉರುಳಿಸಿದ. ವಾಲಗ ಮತ್ತೆ ಶುರುವಾಯಿತು.

ಉತ್ತಯ್ಯಜ್ಜ ಮೀಸೆಯಿಂದ ಮಾವಿನೆಲೆ ಬಿಡಿಸಿಕೊಳ್ಳುತ್ತಾ ಹೇಳಿದರು, "ನಾಣಯ್ಯ, ನಾನು ಅಪ್ಪಣೆ ಕೊಟ್ಟದ್ದು ಬಾಳೆಗೆ."

ಆಮೇಲೆ ಯಾರೂ ಬಾಳೆ ಕಡಿಯಲು ನನ್ನನ್ನು ಕರೆಯಲಿಲ್ಲ. ಸುಳ್ಳೇಕೆ ಹೇಳಲಿ, ತುಂಬ ಬೇಜಾರಾಯಿತು. ದೂರದಲ್ಲಿ ವಾಲಗ ಕೇಳಿಸಿದರೆ ಎದ್ದು ಒಳಗೆ ಹೋಗುತ್ತಿದ್ದೆ. ಗಂಗಮ್ಮ ಕೂಡ ಆಗೆಲ್ಲ ತಮಾಷೆ ಮಾಡುತ್ತಿರಲಿಲ್ಲ. ಅದು ಇನ್ನೂ ನೋಯಿಸುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಉತ್ತಯ್ಯಜ್ಜನ ಮನೆಯಿಂದ ಚೆನ್ನಯ್ಯ ಎಂಬವನು ಬಂದ.

"ನಮ್ಮಲ್ಲಿ ಮದುವೆ ಕೆಲಸ ಇದೆ. ಅಜ್ಜ ನಿಮ್ಮನ್ನೇ ಕರ್ಕೊಂಡು ಬಾ ಅಂದ್ರು. ಕತ್ತಿಯೂ ತರಬೇಕಂತೆ."

ನನ್ನ ಎದೆ ಕುಪ್ಯದ ಅಳತೆ ಮೀರಿತು! ಚಪ್ಪರ ಕಳೆದುಕೊಂಡವರೇ ಮತ್ತೆ ಕರೆಯುತ್ತಿದ್ದಾರೆಂದರೆ ಈ ಕೈಯ ಬೆಲೆ ಏನಿರಬೇಕು!

"ಕೇಳಿದೆಯಾ ಗಂಗಮ್ಮ? ಕತ್ತಿ ತಾ!" ಎಂದು ಗರ್ಜಿಸಿ ಚೆನ್ನಯ್ಯನ ಕಡೆ ತಿರುಗಿದೆ. "ದಿಬ್ಬಣ ಎಷ್ಟು ಹೊತ್ತಿಗೆ?"

"ದಿಬ್ಬಣ ನಿನ್ನೆಯೇ ಬಂದು ಹೋಯ್ತಲ್ಲ. ಬಾಳೆಯೂ ಕಡಿದಾಯ್ತು," ಎಂದ ಚೆನ್ನಯ್ಯ, ಬಹಳ ವಿನಯದಿಂದ. "ಈಗ ಚಪ್ಪರ ಇಳಿಸಬೇಕು."

ಗಂಗಮ್ಮ ಒಳಗಿನಿಂದ ಕತ್ತಿ ತಂದಳು. ಇನ್ನೊಂದು ಕೈಯಲ್ಲಿ, ಸೆರಗಿನಿಂದ ಚೆನ್ನಾಗಿ ಒರೆಸಿದ ಭೂತಗನ್ನಡಿಯ ಕನ್ನಡಕ.

"ಇದನ್ನ ಮರೀಬೇಡಿ," ಎಂದಳು. "ಇದಿಲ್ಲದೆ ಹೋದ್ರೆ ಅಪ್ಪಿತಪ್ಪಿ ಬಾಳೆ ಕಡಿದುಬಿಟ್ಟೀರಿ."