ಅರ್ಧ ಮೈಲಿಯ ಊರು

ಇಷ್ಟು ರಾದ್ಧಾಂತಕ್ಕೆಲ್ಲ ಕಾರಣ ಒಂದು ಕಬ್ಬಿಣದ ಗೂಟ.

ಪಕ್ಕದ ಹಾರ್ಮನ್ ಸಿಟಿ ಬಂದು ನುಂಗಿಹಾಕುವ ಮೊದಲೇ ಪೈನಿ ಗ್ರೋವ್ ತಾನೂ ಒಂದು ಪಟ್ಟಣ ಎಂದು ಸರಕಾರದ ಮುಂದೆ ಹೇಳಿಕೊಳ್ಳಬೇಕಿತ್ತು. ಜಾರ್ಜಿಯಾದ ಕಡೆ ಸಣ್ಣ ಪಟ್ಟಣಕ್ಕೆ ಗಡಿ ಹಾಕುವುದು ಬಲು ಸುಲಭ. ನಡುವೆ ಒಂದು ಗೂಟ ಹೊಡೆದು ಸುತ್ತಲೂ ಅರ್ಧ ಮೈಲಿಗೆ ವೃತ್ತ ಎಳೆದರಾಯಿತು. ಗೂಟ ಎಲ್ಲಿ ಎನ್ನುವುದೊಂದೇ ಪ್ರಶ್ನೆ. ಆ ಒಂದೇ ಪ್ರಶ್ನೆಗೆ ಬೆಳಿಗ್ಗೆಯಿಂದ ಚರ್ಚಿನ ಅಂಗಳದಲ್ಲಿ ಊರಿಗೆ ಊರೇ ಕಚ್ಚಾಡುತ್ತಿತ್ತು.

ಹಿಂದಿನ ಬೆಂಚಿನಲ್ಲಿ ಲೂಥರ್ ಪಿಕೆನ್ಸ್ ಬೆವರುತ್ತ ಕೂತಿದ್ದ. ಪಟ್ಟಣವಾದ ಮರುದಿನವೇ ಎರಡು ಕಾನೂನು ತರುವುದಾಗಿ ಒಜೆಲ್ಲಾ ಅತ್ತೆ ಆಗಲೇ ಸಾರಿಬಿಟ್ಟಿದ್ದಳು. ವೃತ್ತದೊಳಗೆ ಬಿಯರ್ ಮಾರಕೂಡದು, ಹಂದಿ ಸಾಕಕೂಡದು. ಅವಳು ಯಾರಿಗೂ ಸೋದರತ್ತೆಯಲ್ಲ, ಆದರೆ ಎಲ್ಲರ ಮೇಲೂ ಅತ್ತೆಯ ದರ್ಬಾರು ನಡೆಸುತ್ತಿದ್ದಳು. ಬಿಯರ್ ಮಾರುತ್ತಿದ್ದವನು ಅಂಗಡಿಯ ರೂಫಸ್. ಹಂದಿ ಸಾಕಿದ್ದವನು ಲೂಥರ್.

ಹೆಂಡತಿ ತೀರಿಕೊಂಡ ಮೇಲೆ ಲೂಥರನ ಮಾತನ್ನು ಎದುರಾಡದೆ ಕೇಳುತ್ತಿದ್ದ ಜೀವವೆಂದರೆ ಡಚೆಸ್ ಎಂಬ ಹೆಣ್ಣುಹಂದಿಯೊಂದೇ. ಅದಕ್ಕೂ ಅದರ ಮರಿಗಳಿಗೂ ಅವನು ಭದ್ರವಾದ ಮರದ ಮನೆ ಕೊಟ್ಟಿದ್ದ. ಸಂಜೆ ಕಂಬಿ ಹಾಕಿದ ಸಣ್ಣ ಕಿಟಕಿಯೊಂದರಿಂದ ಜೋಳ ನೂಕುತ್ತ ದಿನದ ಸುಖದುಃಖ ಹೇಳಿಕೊಳ್ಳುತ್ತಿದ್ದ. ಆ ಮನೆ ಖಾಲಿಯಾದರೆ ತಾನು ಬದುಕುವುದಾದರೂ ಹೇಗೆ ಎಂದು ಅವನಿಗೆ ನಿಜಕ್ಕೂ ಭಯವಾಗಿತ್ತು.

"ಗೂಟ ಚರ್ಚಿನ ಮೆಟ್ಟಿಲ ಹತ್ರ ಇರ್ಲಿ," ಎಂದರು ಪಾದ್ರಿಗಳು.

"ಆಗ ನನ್ ಅಂಗಡಿ ಒಳಗೆ ಬೀಳುತ್ತೆ ಸ್ವಾಮಿ! ಸೇತುವೆ ಆಚೆ ಹೊಡೀರಿ," ಎಂದು ರೂಫಸ್ ಹಾರಾಡಿದ.

"ಸೇತುವೆ ಆಚೆ ಹೊಡುದ್ರೆ ಚರ್ಚೇ ಊರಾಚೆ ಹೋಗುತ್ತಲ್ಲೋ, ದೇವರಿಲ್ಲದೋನೆ! ನನ್ ಮನೆ ಬಾಗ್ಲಲ್ಲಿ ಹೊಡೀರಿ. ಬೀದಿದೀಪನೂ ಅಲ್ಲೇ ಬರ್ಲಿ," ಎಂದಳು ಒಜೆಲ್ಲಾ ಅತ್ತೆ.

ಅತ್ತೆಯ ಬಾಗಿಲಲ್ಲಿ ಗೂಟವೆಂದರೆ ಡಚೆಸ್ ವೃತ್ತದೊಳಗೆ. ಲೂಥರ್ ಧಡಕ್ಕನೆ ಎದ್ದ. ಸಭೆಯಲ್ಲಿ ಅವನು ಬಾಯಿಬಿಟ್ಟಿದ್ದು ಜೀವಮಾನದಲ್ಲಿ ಅದೇ ಮೊದಲು.

"ಹಳೇ ರೈಲ್ವೆ ಸ್ಟೇಶನ್ ಇಟ್ಕೊಳ್ಳೋಣ. ನಮ್ಮೂರು ಹುಟ್ಟಿದ್ದೇ ಸ್ಟೇಶನ್ನಿಂದ ಅಲ್ವಾ? ಯಾರಿಗೆ ದಾರಿ ಹೇಳೋದಾದ್ರೂ ಸ್ಟೇಶನ್ ಹತ್ರ ತಿರುಗಿ ಅಂತ್ಲೇ ಹೇಳ್ತೀವಿ."

ಲೆಕ್ಕ ಹಾಕಿಯೇ ಹೇಳಿದ್ದ ಪುಣ್ಯಾತ್ಮ. ಅಲ್ಲಿಂದ ವೃತ್ತ ಎಳೆದರೆ ಅವನ ಬೇಲಿ ಗಡಿಯಾಚೆ ಉಳಿಯುತ್ತಿತ್ತು. ಚರ್ಚೂ ಅತ್ತೆಯ ಮನೆಯೂ ಒಳಗೆ. ರೂಫಸನ ಅಂಗಡಿಯೂ ಒಳಗೆ, ಆದರೆ ಅದು ರೂಫಸನ ಹಣೆಬರಹ. ಪಾದ್ರಿಗಳು ಕಣ್ಣೊರೆಸಿಕೊಂಡರು. ಅತ್ತೆ "ಪರವಾಗಿಲ್ವೇ, ನಿನಗೂ ಬುದ್ಧಿ ಇದೆ ಕಣೋ!" ಎಂದಳು. ರೂಫಸ್ ಒಬ್ಬನನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು. ಸ್ಟೇಶನ್ ಕಟ್ಟಡವೇ ಪಟ್ಟಣದ ಕೇಂದ್ರ ಎಂದು, ಗಡಿ ಅಳೆಯಲು ಬಂದಿದ್ದ ಸರ್ವೆಯರ್ ಬರೆದುಕೊಂಡು ಗೂಟ ಹೆಗಲಿಗೇರಿಸಿದ.

ಮೆರವಣಿಗೆ ಹಳೇ ಹಳಿಯ ಹತ್ತಿರ ಬಂದು ನಿಂತಿತು. ಅಲ್ಲಿ ಹುಲ್ಲು ಮಾತ್ರ ಇತ್ತು.

"ಸ್ಟೇಶನ್ ಎಲ್ರೀ?" ಎಂದ ಸರ್ವೆಯರ್.

"ಇದೇ ಸ್ವಾಮಿ," ಎಂದ ಲೂಥರ್ ಹುಲ್ಲು ತೋರಿಸಿ. "ಇಲ್ಲೇ ಇತ್ತು."

"ನಾನು ಗೋಡೆಯಿಂದ ಅಳೀತೀನಿ ಕಣ್ರೀ. ನೆನಪಿಂದ ಅಳೆಯೋ ಸರಪಳಿ ನನ್ ಹತ್ರ ಇಲ್ಲ. ಕಟ್ಟಡ ಏನಾಯ್ತು?"

ಅಷ್ಟು ಹೊತ್ತು ಮುಖ ಊದಿಸಿಕೊಂಡಿದ್ದ ರೂಫಸನ ಮುಖ ನಿಧಾನಕ್ಕೆ ಅರಳಿತು.

"ಏನ್ ಲೂಥರಣ್ಣ, ಮರ್ತೇ ಹೋಯ್ತಾ? ರೈಲು ನಿಂತ ವರ್ಷ ಹರಾಜಲ್ಲಿ ಹಿಡುದು, ಇಡೀ ಸ್ಟೇಶನ್ನ ದಿಮ್ಮಿ ಮೇಲೆ ಉರುಳಿಸ್ಕೊಂಡು ಹೋದೋರು ನೀವೇ ಅಲ್ವಾ? ನಾನೂ ಒಂದ್ ಕೈ ಹಾಕಿದ್ದೆ. ಸೊಂಟ ಇನ್ನೂ ನೋಯುತ್ತೆ!"

ಅದನ್ನು ಹಂದಿಮನೆ ಎಂದು ಕರೆದೂ ಕರೆದೂ, ಅದು ಸ್ಟೇಶನ್ ಎಂಬುದೇ ಲೂಥರನಿಗೆ ಮರೆತುಹೋಗಿತ್ತು.

ಮೆರವಣಿಗೆ ಲೂಥರನ ಹಿತ್ತಲಿಗೆ ತಿರುಗಿತು. ಸರ್ವೆಯರ್ ಅಲ್ಲಿಂದ ಅಳೆದು ನೋಡಿದ. ಚರ್ಚು ಒಳಗೆ, ಅತ್ತೆಯ ಮನೆ ಒಳಗೆ, ರೂಫಸನ ಅಂಗಡಿ ಗಡಿಯಾಚೆ. ಬೆಳಿಗ್ಗೆಯಿಂದ ಹುಡುಕಿದರೂ ಸಿಗದಿದ್ದ, ಎಲ್ಲರಿಗೂ ಒಪ್ಪುವ ಜಾಗ ಅದೊಂದೇ ಆಗಿತ್ತು!

"ಇನ್ನೊಂದ್ಸಲ ಕೈ ಎತ್ಸಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಲೂಥರ್ ಗೋಗರೆದ.

ಎತ್ತಿಸಿದಳು. ಸ್ಟೇಶನ್ನೇ ಕೇಂದ್ರವಾಗಿರಲಿ ಎಂದು ಈ ಸಲ ರೂಫಸ್ ಎರಡೂ ಕೈ ಎತ್ತಿದ.

"ಹಾಗಾದ್ರೆ ಸ್ಟೇಶನ್ನ ಎಲ್ಲಿತ್ತೋ ಅಲ್ಲಿಗೇ ಉರುಳಿಸ್ಕೊಂಡು ಹೋಗ್ತೀನಿ!" ಎಂದ ಲೂಥರ್.

"ಮುಟ್ಟೀಯಾ ಜೋಕೆ! ಊರಿನ ನಡುಮಧ್ಯ ಅದು. ಇಲ್ಲೇ ಟೌನ್ ಹಾಲ್ ಮಾಡೋದು. ಭಾನುವಾರದೊಳಗೆ ಖಾಲಿ ಮಾಡಿ ಚೆನ್ನಾಗಿ ತೊಳ್ದುಕೊಡಪ್ಪ," ಎಂದಳು ಅತ್ತೆ.

ಗೂಟ ನೆಲಕ್ಕಿಳಿಯಿತು. ಜನ ಚಪ್ಪಾಳೆ ತಟ್ಟಿ, ಲೂಥರನ ಬೆನ್ನು ಚಪ್ಪರಿಸಿ ಚದುರಿದರು.

ಟಿಕೆಟ್ ಕಿಟಕಿಯ ಕಂಬಿಗೆ ಮೂತಿಯಿಟ್ಟು ಡಚೆಸ್ ಎಂದಿನಂತೆ ಜೋಳಕ್ಕೆ ಕಾಯುತ್ತಿತ್ತು. ಲೂಥರ್ ಕಿಟಕಿಯ ಮುಂದೆ ಹೋಗಿ ನಿಂತ. ಒಂದು ಬೊಗಸೆ ಜೋಳ ಒಳಗೆ ನೂಕಿ ಹೇಳಿದ:

"ಗಂಟುಮೂಟೆ ಕಟ್ಟಮ್ಮ. ಇಷ್ಟು ವರ್ಷ ಆದ್ಮೇಲೆ ಈ ಸ್ಟೇಶನ್ನಿಂದ ಹೊರಡೋ ಮೊದಲನೇ ಪ್ಯಾಸೆಂಜರ್ ನೀನೇ."