ಹಳದಿ ಬಂದರೆ ಪಾಸು

ಪಿಳ್ಳಣ್ಣನ ಗ್ರಹಚಾರ ಕೆಟ್ಟದ್ದು ಲಕ್ಷ್ಮಿದೇವಮ್ಮನವರ ಕಾಫಿಯಿಂದ. ಯಲಹಂಕದ ಪೇಟೆಗೆ ಕುಡಿಯುವ ನೀರು ಬಿಡುವುದು, ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಅವನ ಕೆಲಸ. ಮೂರು ತಿಂಗಳ ಹಿಂದೆ ಆಯಮ್ಮ, "ಕಾಫಿ ಆಸ್ಪತ್ರೆ ವಾಸ್ನೆ ಹೊಡೀತೈತೆ" ಎಂದು ಲೋಟ ಕುಕ್ಕಿದರು. ಅವರ ಗಂಡ ಚಿಕ್ಕಬೈರಪ್ಪ ನೀರಿನ ಕಮಿಟಿಯ ಚೇರ್ಮನ್. ಮನೆಯಲ್ಲಿ ಬಾಯಿ ಬಿಡಲಾರದ ಈ ಮಹಾಶಯರು ಪಿಳ್ಳಣ್ಣನ ಮುಂದೆ ಮಾತ್ರ ಹುಲಿ. "ಇನ್ಮೇಲೆ ಒಂದು ಚಿಟಿಕೆ ಪೌಡರ್ ಬಿದ್ರೂ ನಿನ್ನ ಕೆಲ್ಸ ಹೋಯ್ತು ಅಂತ ತಿಳ್ಕೊ" ಎಂದು ಅಪ್ಪಣೆ ಕೊಟ್ಟರು. ಕಮಿಟಿಯ ಪೌಡರ್ ಮೂಟೆ ನೆಟ್ಟಗೆ ಅವರ ಬಚ್ಚಲುಮನೆ ಸೇರಿ, ಅಲ್ಲಿನ ಪಾಚಿ ತೆಗೆಯುವ ದೇಶಸೇವೆಗೆ ನಿಂತಿತು.

ಐವತ್ತೆಂಟನೇ ಇಸವಿಯ ಒಂದು ಸೋಮವಾರ ಹೆಲ್ತ್ ಇನ್ಸ್‌ಪೆಕ್ಟರ್ ವೆಂಕಟರಾಮಯ್ಯ ಬಂದಿಳಿದರು. ನೀರಿನ ಕೆಲಸದವರಿಗೆಲ್ಲ ಶುಚಿತ್ವದ ತರಬೇತಿಯಂತೆ. ಕೊನೆಗೆ ಅವರವರು ತಂದ ತೊಟ್ಟಿಯ ನೀರಿಗೆ ಔಷಧಿ ಹನಿ ಬಿಟ್ಟು ಪರೀಕ್ಷೆ. ಹಳದಿ ಬಂದರೆ ಪೌಡರ್ ಇದೆಯೆಂದು ಸರ್ಟಿಫಿಕೇಟು, ಬರದಿದ್ದರೆ ಕೆಲಸದಿಂದ ವಜಾ.

ಪಿಳ್ಳಣ್ಣ ಬೆಳಗ್ಗೆಯೇ ಚೇರ್ಮನ್ನರ ಹಿತ್ತಲಿಗೆ ಓಡಿದ. "ಅವ್ವಾ, ಒಂದು ಬೊಗ್ಸೆ ಪೌಡರ್ ಕೊಡಿ, ಕೆಲ್ಸ ಉಳೀತೈತೆ."

"ಈಗ್ತಾನೆ ಕಾಫಿ ಗಮ್ ಅಂತ ಬರ್ತಾ ಐತೆ, ಮತ್ತೆ ಕೆಡಿಸ್ತೀಯಾ? ನಡಿ ನಡಿ!" ಎಂದರು ಲಕ್ಷ್ಮಿದೇವಮ್ಮ.

ಶಾಲೆಯ ಹಜಾರದಲ್ಲಿ ಗಂಗೆಪೂಜೆಯಾಗಿ ತರಬೇತಿ ಶುರುವಾಯಿತು. "ಉಗುರಲ್ಲಿರೋ ಕೊಳೆ ಊರಿಗೆ ಊರನ್ನೇ ಸ್ಮಶಾನಕ್ಕೆ ಕಳಿಸುತ್ತೆ ಕಣ್ರೀ" ಎಂದ ವೆಂಕಟರಾಮಯ್ಯನವರು, ಕಿರುಬೆರಳಿನ ಉದ್ದನೆಯ ಉಗುರಿನಿಂದ ಹಲ್ಲುಸಂದಿಯ ಅಡಿಕೆ ಕೆದಕಿದರು. ಅದೇ ಕೈಯನ್ನು ಕುಡಿಯುವ ನೀರಿನ ಕೊಡಕ್ಕೆ ಮೊಣಕೈತನಕ ಇಳಿಬಿಟ್ಟು ಲೋಟ ತುಂಬಿಕೊಂಡರು. ಚೇರ್ಮನ್ ದಂಪತಿ ಮುಂದಿನ ಕುರ್ಚಿಗಳಲ್ಲಿ ಕೂತು ಭಕ್ತಿಯಿಂದ ತಲೆದೂಗಿದರು.

ಹೆಬ್ಬಾಳದಲ್ಲಿ ನೀರು ಬಿಡುವ ಗಯಾಸ್ ಪಕ್ಕದಲ್ಲಿದ್ದ. ಪಿಳ್ಳಣ್ಣ ಅವನ ಕಿವಿಯಲ್ಲಿ ಗೋಳು ಹೇಳಿಕೊಂಡ.

"ಅದಕ್ಕೇನ್ ಗುರು?" ಗಯಾಸ್ ಪಿಸುಗುಟ್ಟಿದ. "ಸಾಹೇಬ್ರು ನೋಡೋದು ಬಣ್ಣಾನ. ಪೂಜೆ ತಟ್ಟೇಲಿ ಅರಿಶಿನ ಇಲ್ವಾ?"

ಪಿಳ್ಳಣ್ಣ ಗಂಗಮ್ಮನಿಗೆ ಕೈಮುಗಿಯುವ ನೆಪದಲ್ಲಿ ಹೆಬ್ಬೆರಳಿನ ಉಗುರಿನೊಳಗೆ ಅರಿಶಿನ ತುಂಬಿಕೊಂಡ. ಅವನ ಸರದಿ ಬಂತು. ಹನಿ ಬಿದ್ದರೂ ಗಾಜಿನ ಕೊಳವೆಯಲ್ಲಿ ನೀರು ಇದ್ದ ಹಾಗೇ ಇತ್ತು. ಅಷ್ಟರಲ್ಲಿ ಇನ್ಸ್‌ಪೆಕ್ಟರು ಎಲೆಯಡಿಕೆ ಉಗಿಯಲು ಕಿಟಕಿಯ ಕಡೆ ತಿರುಗಿದರು. ಪಿಳ್ಳಣ್ಣನ ಹೆಬ್ಬೆರಳು ಕೊಳವೆಯೊಳಗೆ ಹೋಗಿ ಹೊರಗೆ ಬಂತು.

"ಭೇಷ್!" ಎಂದು ಇನ್ಸ್‌ಪೆಕ್ಟರು ಕೊಳವೆ ಎತ್ತಿ ಹಿಡಿದರು. "ಇಷ್ಟು ಧಾರಾಳವಾಗಿ ಪೌಡರ್ ಹಾಕೋನನ್ನ ನಾನು ಎಲ್ಲೂ ನೋಡಿಲ್ಲ, ಚೇರ್ಮನ್ರೇ!"

ಪಿಳ್ಳಣ್ಣ ಹಲ್ಲುಬಿಟ್ಟ. ಆದರೆ ಲಕ್ಷ್ಮಿದೇವಮ್ಮ ಎದ್ದು ನಿಂತಿದ್ದರು.

"ಮತ್ತೆ ನನ್ನ ಕಾಫಿ ಕೆಡ್ಸಿದ್ನಲ್ಲಾ! ಮೂಟೆ ನಮ್ ಬಚ್ಚಲಲ್ಲೈತೆ, ಇವನಿಗೆಲ್ಲಿಂದ ಬಂತ್ರೀ ಪೌಡರು? ಬೆಳಗ್ಗೆ ನಮ್ ಹಿತ್ಲಲ್ಲಿ ಸುಳಿದಾಡ್ತಿದ್ದ. ಕದ್ದವ್ನೆ, ಕಳ್ಳ!"

ಪಿಳ್ಳಣ್ಣ ಬಾಯಿ ತೆರೆದ. ಅರಿಶಿನ ಎಂದರೆ ಸರ್ಟಿಫಿಕೇಟು ಹೋಗುತ್ತದೆ, ಎನ್ನದಿದ್ದರೆ ಕಳ್ಳ. ಗಯಾಸ್ ಸೂರಿನ ತೊಲೆ ಎಣಿಸುತ್ತಿದ್ದ.

ಚಿಕ್ಕಬೈರಪ್ಪ ಹೆಂಡತಿಯ ಮುಖ ನೋಡಿ ಧೈರ್ಯ ತಂದುಕೊಂಡರು. "ನಾಳೆಯಿಂದ ಬರ್ಬೇಡ. ಹೋಗೋಕ್ಮುಂಚೆ ನೀನು ಕೆಡಿಸಿರೋ ನೀರನ್ನೆಲ್ಲಾ ಚರಂಡಿಗೆ ಬಿಟ್ಟು ತೊಟ್ಟಿ ತೊಳಿ."

ಪಿಳ್ಳಣ್ಣನಿಗೆ ಅಳುವೇ ಬಂತು. ಆದರೂ ಸರ್ಟಿಫಿಕೇಟಾದರೂ ಇದೆಯಲ್ಲ, ಬೇರೆ ಊರಿನ ತೊಟ್ಟಿಯಲ್ಲಿ ಕೆಲಸ ಸಿಕ್ಕೀತು ಎಂದುಕೊಂಡ. ಇನ್ಸ್‌ಪೆಕ್ಟರು ಅವನ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಕೈ ಹಿಡಿದೆಳೆದರು. ಎಳೆದವರು ಉಗುರಿನ ಸಂದಿಯ ಹಳದಿ ಕಂಡು ಹಾವು ಮುಟ್ಟಿದ ಹಾಗೆ ಬಿಟ್ಟರು.

"ಥೂ! ಬೆಳಗ್ಗೆಯಿಂದ ಬಡ್ಕೊಂಡಿದ್ದೇನು ನಾನು? ಉಗುರು ತುಂಬಾ ಕೊಳೆ!" ಎಂದವರೇ ಸರ್ಟಿಫಿಕೇಟನ್ನು ನಾಲ್ಕು ಚೂರು ಮಾಡಿದರು. ಆಮೇಲೆ ಕಿರುಬೆರಳು ಬಾಯಿಗಿಟ್ಟು, ಉಳಿದಿದ್ದ ಅಡಿಕೆ ಚೂರನ್ನು ಹುಡುಕತೊಡಗಿದರು.